ಬರ್ಫಿನ ಖಂಡಕ್ಕೆ ಹೋದ ಕಸುಬುದಾರರು

ನಮ್ಮ ಗಲಗಲಿಯ ಕಡೆ ಬರ್ಫ್ ಎಂದರೆ ಹೊಟ್ಟಿನಲ್ಲಿ ಹೂತಿಟ್ಟ ಒಂದು ವಸ್ತು. ಏಪ್ರಿಲ್-ಮೇ ತಿಂಗಳಲ್ಲಿ ಕೃಷ್ಣೆಯ ದಂಡೆಯ ಉಸುಕು ಬರಿಗಾಲಲ್ಲಿ ತುಳಿಯಲಾಗದಷ್ಟು ಕಾದಿರುತ್ತಿತ್ತು. ಆಗ ಜಮಖಂಡಿಯ ಕಡೆಯಿಂದ ಸೈಕಲ್ಲಿನ ಹಿಂದೆ ಗೋಣಿತಟ್ಟು ಸುತ್ತಿದ ಬರ್ಫಿನ ಗಡ್ಡೆ ಬರುತ್ತಿತ್ತು. 1980ರ ದಶಕದ ನಡುವಿನಲ್ಲಿ ರಂಜಾನ್ ತಿಂಗಳು ಬಿಸಿಲುಗಾಲಕ್ಕೇ ಬಂದಿದ್ದರಿಂದ ಇಫ್ತಾರಿನ ಹೊತ್ತಿಗೆ ಓಣಿಯ ಹುಡುಗರೆಲ್ಲ ಆ ಗಡ್ಡೆಗೆ ಮುಗಿಬೀಳುತ್ತಿದ್ದೆವು. ನಾಲ್ಕಾಣೆಯ ಬರ್ಫನ್ನು ಟವೆಲಿನಲ್ಲಿ ಕಟ್ಟಿಕೊಂಡು ಮನೆ ಮುಟ್ಟುವಷ್ಟರಲ್ಲಿ ಅದು ಎರಡಾಣೆಯದಾಗಿರುತ್ತಿತ್ತು.

ಇಂಥ ಊರಿನಲ್ಲಿ ಬೆಳೆದವನಿಗೆ, ನೆಲವೆಲ್ಲ ಬರ್ಫಾಗಿರುವ ಒಂದು ಖಂಡವಿದೆ, ಅಲ್ಲಿಗೆ ನಮ್ಮ ದೇಶದವರು ಹೋಗಿದ್ದಾರೆ ಎಂಬ ಸುದ್ದಿ ರೇಡಿಯೋದಲ್ಲಿ ಬಂದಾಗ ನಂಬಿಕೆ ಹುಟ್ಟಲಿಲ್ಲ. ಅದು 1982ರ ಜನವರಿ. ಚಹಾದಂಗಡಿಯಲ್ಲಿ ಕುಳಿತ ಹಿರಿಯರೊಬ್ಬರು, "ಇಲ್ಲಿ ಕುಡಿಯೂ ನೀರಿಗೆ ಗತಿಯಿಲ್ಲ, ಅಲ್ಲಿ ಏನು ಕಡೀತಾರಂತ?" ಎಂದು ಕೇಳಿದ್ದು ನೆನಪಿದೆ. ಆ ಪ್ರಶ್ನೆಯನ್ನು ಆಗ ದೆಹಲಿಯ ಪತ್ರಿಕೆಗಳೂ ಸ್ವಲ್ಪ ನಾಜೂಕಾದ ಭಾಷೆಯಲ್ಲಿ ಕೇಳುತ್ತಿದ್ದವು ಎಂಬುದು ನನಗೆ ಬಹಳ ವರ್ಷಗಳ ಮೇಲೆ ತಿಳಿಯಿತು.

ಇನ್ನೊಂದು ಸಂಗತಿಯೂ ತಡವಾಗಿಯೇ ತಿಳಿದದ್ದು. ಆ ಯಾತ್ರೆ ಹೊರಟದ್ದು ಬಹಳ ದೂರದ ಬಂದರಿನಿಂದೇನೂ ಅಲ್ಲ. ನಮ್ಮ ವಿಜಾಪುರ-ಬಾಗಲಕೋಟೆ ಸೀಮೆಯ ಜನ ಮಳೆ ಕೈಕೊಟ್ಟ ವರ್ಷ ಗಂಟುಮೂಟೆ ಕಟ್ಟಿಕೊಂಡು ಹೋಗುತ್ತಿದ್ದ ಗೋವೆಯ ಮರ್ಮಗೋವಾ ಬಂದರಿನಿಂದ. ವಾಸ್ಕೋದ ಬೈನಾ, ಝುವಾರಿನಗರಗಳಲ್ಲಿ ಇಂದಿಗೂ ಕನ್ನಡ ಕೇಳದ ಗಲ್ಲಿ ಅಪರೂಪ. ಬಳ್ಳಾರಿ-ಹೊಸಪೇಟೆಯ ಅದಿರು ಹಡಗು ಹತ್ತುತ್ತಿದ್ದುದೂ ಅದೇ ಬಂದರಿನಲ್ಲಿ. 1981ರ ಡಿಸೆಂಬರ್ 6ರಂದು 'ಪೋಲಾರ್ ಸರ್ಕಲ್' ಎಂಬ ಬಾಡಿಗೆಯ ನಾರ್ವೆ ಹಡಗು 21 ಮಂದಿಯನ್ನು ಹತ್ತಿಸಿಕೊಂಡು ಅಲ್ಲಿಂದ ಹೊರಟಿತು. ಅದು ಎಲ್ಲಿಗೆ ಹೋಗುತ್ತಿದೆ ಎಂಬುದನ್ನು ದೇಶಕ್ಕೆ ಹೇಳಿರಲಿಲ್ಲ. ಹಾರ-ತುರಾಯಿ ಇಲ್ಲ, ಬ್ಯಾಂಡು ಇಲ್ಲ. 'ಆಪರೇಷನ್ ಗಂಗೋತ್ರಿ' ಎಂಬ ಹೆಸರು ಕೂಡ ಒಳಗಿನವರಿಗೆ ಮಾತ್ರ ಗೊತ್ತಿತ್ತು.

ತಂಡದ ನಾಯಕ ಡಾ. ಸೈಯದ್ ಜಹೂರ್ ಖಾಸಿಂ. ಅಲಹಾಬಾದಿನಲ್ಲಿ 1926ರ ಡಿಸೆಂಬರ್ 31ರಂದು ಹುಟ್ಟಿದವರು. ಅಲಿಗಢದಲ್ಲಿ ಪ್ರಾಣಿಶಾಸ್ತ್ರ ಓದಿ, ವೇಲ್ಸಿನ ಬ್ಯಾಂಗರಿನಲ್ಲಿ ಕಡಲಜೀವಿಗಳ ಮೇಲೆ ಡಾಕ್ಟರೇಟ್ ಪಡೆದು ಬಂದರು. 1960ರ ದಶಕದಲ್ಲಿ ಹಲವು ದೇಶಗಳ ಹಡಗುಗಳು ಸೇರಿ ಹಿಂದೂ ಮಹಾಸಾಗರವನ್ನು ಅಳೆದ ದೊಡ್ಡ ಅಂತರರಾಷ್ಟ್ರೀಯ ಯೋಜನೆಯ ಭಾರತೀಯ ವಿಭಾಗದಲ್ಲಿ ದುಡಿದರು. ಕೊಚ್ಚಿಯಲ್ಲಿ ಮೀನುಗಾರಿಕೆಯ ಸಂಶೋಧನೆ ನಡೆಸಿದರು. 1974ರಿಂದ ಗೋವೆಯ ದೋನಾಪಾವ್ಲಾದಲ್ಲಿರುವ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದರು. ದೋನಾಪಾವ್ಲಾದ ಜೆಟ್ಟಿಯ ಮೇಲೆ ನಿಂತರೆ ಝುವಾರಿ ಹೊಳೆಯ ಆಚೆ ದಡದಲ್ಲಿ ಮರ್ಮಗೋವಾದ ಹಡಗುಗಳು ಕಾಣುತ್ತವೆ. ಮೀನು, ಸಿಗಡಿ, ಹಿನ್ನೀರಿನ ಪಾಚಿಗಳನ್ನು ಬದುಕಿಡೀ ನೋಡುತ್ತ ಬಂದಿದ್ದ ಈ ಮನುಷ್ಯನಿಗೆ ಹಡಗಿನ ಮೇಲೆಯೇ 55 ತುಂಬಿತು.

ಅಷ್ಟೊಂದು ಗುಟ್ಟು ಏಕೆ ಎಂಬುದಕ್ಕೆ ಹಿಂದಿನ ಕಥೆ ಸ್ವಲ್ಪ ಬೇಕು. 1956ರಲ್ಲಿಯೇ ನೆಹರೂ ಸರ್ಕಾರ ಅಂಟಾರ್ಕ್ಟಿಕದ ಪ್ರಶ್ನೆಯನ್ನು ವಿಶ್ವಸಂಸ್ಥೆಯಲ್ಲಿ ಚರ್ಚಿಸಬೇಕೆಂದು ಕೇಳಿತ್ತು. ಆ ನಿರ್ಜನ ಖಂಡದಲ್ಲಿ ಯಾರಾದರೂ ಅಣುಬಾಂಬು ಸಿಡಿಸಿ ನೋಡಿದರೆ ಜಗತ್ತಿನ ಹವೆ ಕೆಟ್ಟು ನಮ್ಮ ಮುಂಗಾರಿಗೂ ಸಂಚಕಾರ ಬಂದೀತು ಎಂಬ ಆತಂಕ ಅದರ ಹಿಂದಿತ್ತು. 1958ರಲ್ಲಿ ಮತ್ತೆ ಕೇಳಿತು. ಎರಡು ಸಲವೂ ಅದು ಮುಂದುವರಿಯಲಿಲ್ಲ. 1959ರ ಡಿಸೆಂಬರ್ 1ರಂದು 12 ದೇಶಗಳು ತಮ್ಮತಮ್ಮೊಳಗೆ ಒಪ್ಪಂದ ಮಾಡಿಕೊಂಡವು. ಆ ಖಂಡದಲ್ಲಿ ಯುದ್ಧವಿಲ್ಲ, ಅಣು ಪರೀಕ್ಷೆಯಿಲ್ಲ, ವಿಜ್ಞಾನಕ್ಕೆ ಮಾತ್ರ ಜಾಗ ಎಂಬ ಒಳ್ಳೆಯ ಮಾತುಗಳೆಲ್ಲ ಅದರಲ್ಲಿದ್ದವು. ಆದರೆ ಅಲ್ಲಿ ಮಾತಾಡುವ ಹಕ್ಕು ಬೇಕಾದರೆ ಅಲ್ಲಿಗೆ ಹೋಗಿ ಗಂಭೀರವಾದ ಕೆಲಸ ಮಾಡಿ ತೋರಿಸಬೇಕು. ಅಂದರೆ ಹಡಗು ಇರುವವರ ಪಂಚಾಯಿತಿ ಅದು. ಬಡದೇಶಗಳು ಹೊರಗೆ ನಿಂತು ನೋಡಬೇಕು. ಅಲ್ಲಿಯವರೆಗೆ ಭಾರತೀಯರು ಹೋಗಿದ್ದು ಬೇರೆಯವರ ಜೊತೆಗಾರರಾಗಿ: 1960ರಲ್ಲಿ ಗಿರಿರಾಜ್ ಸಿರೋಹಿ ಅಮೆರಿಕದ ತಂಡದ ಜೊತೆ, 1971ರಿಂದ 73ರವರೆಗೆ ಪರಮ್‌ಜಿತ್ ಸಿಂಗ್ ಸೆಹ್ರಾ ಸೋವಿಯತ್ ತಂಡದ ಜೊತೆ. ಭಾರತ ತಾನೇ ಹೋಗುತ್ತೇನೆಂದು ಮೊದಲೇ ಸಾರಿದರೆ ಅಡ್ಡಗಾಲು ಬೀಳಬಹುದೆಂಬ ಅಂಜಿಕೆ ಸುಳ್ಳೇನೂ ಆಗಿರಲಿಲ್ಲ ಎಂದು ನನಗನ್ನಿಸುತ್ತದೆ. ಆದರೂ, ಜನರ ದುಡ್ಡಿನಲ್ಲಿ ಹೋಗುವ ಹಡಗಿನ ದಾರಿ ಜನರಿಗೆ ತಿಳಿಯದಿದ್ದುದು ಅಷ್ಟೇನೂ ಹಿತವಾದ ಸಂಗತಿಯಲ್ಲ.

ಕಡಲನ್ನು ಬಲ್ಲ ಖಾಸಿಂ ಅವರಿಗೆ ಮಂಜನ್ನು ಬಲ್ಲವರೊಬ್ಬರು ಬೇಕಿತ್ತು. ಉಪನಾಯಕರಾಗಿ ಬಂದವರು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣದ ಚಂದ್ರಪ್ರಕಾಶ್ ವೋಹ್ರಾ. ಆ ಹೆಸರನ್ನು ನಮ್ಮ ಶಾಲೆಯ ಪುಸ್ತಕಗಳು ಮರೆತಿವೆ. 1965ರ ಮೇ ತಿಂಗಳಲ್ಲಿ ಕೊಹ್ಲಿಯವರ ನಾಯಕತ್ವದ ಭಾರತೀಯ ತಂಡದ ಒಂಬತ್ತು ಮಂದಿ ನಾಲ್ಕು ಸರದಿಯಲ್ಲಿ ಎವರೆಸ್ಟ್ ಶಿಖರ ಮುಟ್ಟಿದರು. ಮೇ 24ರ ಮೂರನೆಯ ಸರದಿಯಲ್ಲಿ ಶೇರ್ಪಾ ಆಂಗ್ ಕಾಮಿಯ ಜೊತೆ ಹತ್ತಿದವರು ಈ ವೋಹ್ರಾ. ಉಳಿದ ದಿನಗಳಲ್ಲಿ ಅವರು ಮಾಡುತ್ತಿದ್ದುದು ಹಿಮನದಿಗಳ ಅಭ್ಯಾಸ. ಆ ಕೆಲಸ ಹೇಗಿರುತ್ತದೆಂದರೆ, ಬೆಟ್ಟದ ಮೇಲಿನ ಮಂಜಿನ ಹಾಸಿನಲ್ಲಿ ಉದ್ದನೆಯ ಕೋಲು ನೆಟ್ಟು ಬರುವುದು, ಮರುವರ್ಷ ಹೋಗಿ ಎಷ್ಟು ಕರಗಿದೆ, ಎಷ್ಟು ಸರಿದಿದೆ ಎಂದು ಅಳೆಯುವುದು, ಬರೆದಿಡುವುದು. ಒಬ್ಬ ರೈತ ಹೊಲದ ಬದುವನ್ನು ನೋಡಿಬಂದಂತೆ. ಎವರೆಸ್ಟ್ ಅವರಿಗೆ ರಜೆಯ ಸಾಹಸವೆನಿಸಿರಬಹುದು, ಸಂಬಳ ಬರುತ್ತಿದ್ದುದು ಆ ಕೋಲುಗಳಿಂದ.

ಅಂಟಾರ್ಕ್ಟಿಕದಲ್ಲಿ ಇಂಥವರೇ ಏಕೆ ಬೇಕೆಂಬುದಕ್ಕೆ ಅಲ್ಲಿಯ ನೆಲದ ಸ್ವಭಾವ ತಿಳಿಯಬೇಕು. ಸುಮಾರು 1 ಕೋಟಿ 40 ಲಕ್ಷ ಚದರ ಕಿಲೋಮೀಟರ್ ವಿಸ್ತಾರದ ಖಂಡದಲ್ಲಿ ನೂರಕ್ಕೆ 98 ಭಾಗ ಮಂಜು ಕವಿದಿದೆ. ಅದರ ಸರಾಸರಿ ದಪ್ಪ ಸುಮಾರು 2 ಕಿಲೋಮೀಟರ್. ಈ ಮಂಜು ತನ್ನ ಭಾರಕ್ಕೆ ತಾನೇ ಮೆಲ್ಲಗೆ ಹರಿದು ಕಡಲ ಮೇಲೆ ತೇಲುವ ಚಪ್ಪರದಂತೆ ಚಾಚಿಕೊಳ್ಳುತ್ತದೆ. ಹಡಗು ತಲುಪುವುದು ಆ ಚಪ್ಪರದ ಅಂಚಿಗೆ, ಎತ್ತರದ ಬಿಳಿಯ ಗೋಡೆಯ ಬುಡಕ್ಕೆ. ಮೇಲೆ ಹತ್ತಿದರೆ ಕಣ್ಣಿಗೆ ಚಪ್ಪಟೆ ಬಯಲು. ಆದರೆ ಹರಿಯುವ ಮಂಜು ಸೀಳುತ್ತದೆ. ಸೀಳಿನ ಬಾಯಿಯ ಮೇಲೆ ಹೊಸ ಹಿಮ ಬಿದ್ದು ತೆಳ್ಳನೆಯ ಮುಚ್ಚಳವಾಗುತ್ತದೆ. ಕಾಲಿಟ್ಟರೆ ಪಾತಾಳ. ಒಬ್ಬರ ನಡುವಿನಿಂದ ಇನ್ನೊಬ್ಬರ ನಡುವಿಗೆ ಹಗ್ಗ ಕಟ್ಟಿಕೊಂಡು, ಮುಂದಿನವನು ಕೋಲಿನಿಂದ ಚುಚ್ಚಿನೋಡುತ್ತ ಹೋಗುವ ವಿದ್ಯೆ ಬೆಟ್ಟ ಹತ್ತುವವರದು. ಮೋಡವೂ ನೆಲವೂ ಒಂದೇ ಬಿಳಿಯಾಗಿ ಹತ್ತು ಹೆಜ್ಜೆಯಾಚೆಯ ಡೇರೆ ಕಾಣದಾದಾಗ ಅಲ್ಲಾಡದೆ ಕೂತಿರಬೇಕೆಂಬುದೂ ಅವರಿಗೇ ಗೊತ್ತು.

ಹಡಗು ಮಾರಿಷಸ್ ದಾಟಿ ದಕ್ಷಿಣಕ್ಕೆ ಇಳಿಯಿತು. 40ನೆಯ ಅಕ್ಷಾಂಶದ ಕೆಳಗೆ ಗಾಳಿಗೆ ತಡೆಯೊಡ್ಡುವ ನೆಲವೇ ಬಹುಮಟ್ಟಿಗೆ ಇಲ್ಲದ್ದರಿಂದ ಅದು ಭೂಮಿಯನ್ನು ಸುತ್ತುಹಾಕುತ್ತಲೇ ಇರುತ್ತದೆ. ಆ ಗಾಳಿಯನ್ನೂ ಆಮೇಲೆ ತೇಲುಮಂಜಿನ ಹಾಸನ್ನೂ ದಾಟಿ 1982ರ ಜನವರಿ 9ರಂದು ತಂಡ ಅಂಟಾರ್ಕ್ಟಿಕದ ಮೇಲೆ ಕಾಲಿಟ್ಟಿತು. ಸುಮಾರು ಹತ್ತು ದಿನ ಅಲ್ಲಿದ್ದರು. ನೌಕಾಪಡೆಯ ಚೇತಕ್ ಹೆಲಿಕಾಪ್ಟರುಗಳು ಜನರನ್ನೂ ಸಾಮಾನನ್ನೂ ಹೊತ್ತವು. ಈ ಚೇತಕ್ ತಯಾರಾಗುತ್ತಿದ್ದುದು ನಮ್ಮ ಬೆಂಗಳೂರಿನ ಎಚ್‌.ಎ.ಎಲ್‌.ನಲ್ಲಿ. ಅಂಚಿನಿಂದ ಒಳನಾಡಿಗೆ ಸುಮಾರು 70 ಕಿಲೋಮೀಟರ್ ದೂರದಲ್ಲಿ ಶಿರ್‌ಮಾಕರ್ ಎಂಬ ಬೋಳುಗುಡ್ಡಗಳ ಸಾಲಿದೆ. ಆ ಭಾಗದಲ್ಲಿ ಕಲ್ಲು ಕಾಣುವ ಕೆಲವೇ ಜಾಗಗಳಲ್ಲಿ ಅದೊಂದು. ನಡುನಡುವೆ ಸಣ್ಣ ಕೆರೆಗಳು. ಅಲ್ಲಿ ಶಿಬಿರ ಹೂಡಿ, ಬಿಸಿಲಿನ ವಿದ್ಯುತ್ತಿನಿಂದ ತಾನೇ ನಡೆಯುವ ಹವಾಮಾನ ಯಂತ್ರವೊಂದನ್ನು ನಿಲ್ಲಿಸಿ, ಫೆಬ್ರವರಿ 21ಕ್ಕೆ ಗೋವೆಗೆ ಮರಳಿದರು. ಹೊರಟಾಗ ಯಾರಿಗೂ ಹೇಳದಿದ್ದ ಸುದ್ದಿ, ಬರುವಾಗ ಎಲ್ಲರ ಬಾಯಲ್ಲಿತ್ತು. ಮರುವರ್ಷ, 1983ರ ಆಗಸ್ಟ್ 19ರಂದು ಭಾರತ ಒಪ್ಪಂದಕ್ಕೆ ಸಹಿ ಹಾಕಿತು. ಸೆಪ್ಟೆಂಬರ್ 12ರಂದು ಮಾತಿನ ಹಕ್ಕೂ ಸಿಕ್ಕಿತು.

ಮೊದಲ ಎರಡು ಯಾತ್ರೆಗಳಲ್ಲಿ ಹೋದವರೆಲ್ಲ ಗಂಡಸರು. ಇದು ನಮ್ಮ ದೇಶದ್ದೊಂದೇ ರೋಗವಲ್ಲ. ಅಮೆರಿಕದ ನೌಕಾಪಡೆ 1969ರವರೆಗೂ ಆ ಖಂಡಕ್ಕೆ ವಿಜ್ಞಾನಿ ಹೆಂಗಸರನ್ನು ಸಾಗಿಸಲು ಒಪ್ಪಿರಲಿಲ್ಲ. ಅಲ್ಲಿ ಹೆಣ್ಣುಮಕ್ಕಳಿಗೆ ಅನುಕೂಲವಿಲ್ಲ ಎಂಬುದು ಎಲ್ಲೆಡೆ ಸಿದ್ಧವಾಗಿದ್ದ ಉತ್ತರ. ಅನುಕೂಲ ಗಂಡಸರಿಗೂ ಇರಲಿಲ್ಲ ಎಂಬುದನ್ನು ಯಾರೂ ಎತ್ತುತ್ತಿರಲಿಲ್ಲ.

ನಾನು ಈ ಲೇಖನ ಬರೆಯಲು ಕೂತದ್ದೇ ಮೂರನೆಯ ಯಾತ್ರೆಯಲ್ಲಿ ಹೋದ ಒಬ್ಬಾಕೆಗಾಗಿ. ಸುದೀಪ್ತಾ ಸೇನ್‌ಗುಪ್ತಾ 1946ರಲ್ಲಿ ಕಲ್ಕತ್ತೆಯಲ್ಲಿ, ಮೂವರು ಹೆಣ್ಣುಮಕ್ಕಳಲ್ಲಿ ಕಿರಿಯವಳಾಗಿ ಹುಟ್ಟಿದವರು. ತಂದೆ ಹವಾಮಾನ ತಜ್ಞರು. ಬಾಲ್ಯದ ಕೆಲವು ಕಾಲ ನೇಪಾಳದಲ್ಲಿ ಕಳೆಯಿತು. ಜಾದವಪುರ ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನ ಓದಿದರು. ಕಲ್ಲು ಓದುವವರು ಕಲ್ಲಿರುವಲ್ಲಿಗೆ ಹೋಗಬೇಕು. ಒಳ್ಳೆಯ ಕಲ್ಲುಗಳು ಹೆಚ್ಚಾಗಿ ಕಡಿದಾದ ಜಾಗದಲ್ಲೇ ಇರುತ್ತವೆ. ಹಾಗಾಗಿ ಡಾರ್ಜಿಲಿಂಗಿನ ಪರ್ವತಾರೋಹಣ ಸಂಸ್ಥೆಗೆ ಹೋಗಿ ತರಬೇತಿ ಪಡೆದರು. ಅಲ್ಲಿ ಕಲಿಸುತ್ತಿದ್ದವರು ಸ್ವತಃ ತೇನ್‌ಸಿಂಗ್.

1970ರಲ್ಲಿ ಕಲ್ಕತ್ತೆಯ ಹೆಣ್ಣುಮಕ್ಕಳ ಒಂದು ಪುಟ್ಟ ತಂಡ ಹಿಮಾಚಲದ ಲಾಹುಲ್ ಸೀಮೆಗೆ ಹೋಯಿತು. ನಾಯಕಿ ಸುಜಯಾ ಗುಹಾ. ಹೆಸರೇ ಇಲ್ಲದ, ಆರು ಸಾವಿರ ಮೀಟರಿಗೂ ಹೆಚ್ಚು ಎತ್ತರದ ಶಿಖರವೊಂದನ್ನು ಅವರು ಆಗಸ್ಟಿನಲ್ಲಿ ಹತ್ತಿದರು. ಹೆಸರಿಲ್ಲದ ಶಿಖರಕ್ಕೆ 'ಲಲನಾ' ಎಂದು ಹೆಸರಿಟ್ಟರು. ಲಲನಾ ಎಂದರೆ ಹೆಣ್ಣು. ಇಳಿದು ಬರುವಾಗ, ಕಷ್ಟದ ದಾರಿಯೆಲ್ಲ ಮುಗಿದ ಮೇಲೆ, ಮಂಜು ಕರಗಿ ಉಕ್ಕುವ ಬೆಟ್ಟದ ಹೊಳೆಯೊಂದನ್ನು ದಾಟುವಾಗ ಸುಜಯಾ ಗುಹಾ ಮತ್ತು ಕಮಲಾ ಸಾಹಾ ಕೊಚ್ಚಿಹೋದರು. ನದಿಯ ದಂಡೆಯವರಾದ ನಮಗೆ ಈ ಮಾತನ್ನು ವಿವರಿಸಿ ಹೇಳಬೇಕಿಲ್ಲ. ಮೊಣಕಾಲುದ್ದದ ನೀರಿಗೂ ಸೆಳೆತವಿದ್ದರೆ ಆಳು ನಿಲ್ಲುವುದಿಲ್ಲ. ತಂಡದಲ್ಲಿದ್ದ ಸುದೀಪ್ತಾಗೆ ಆಗ 24ರ ಆಸುಪಾಸು.

ಇಂಥದೊಂದು ಪೆಟ್ಟಿನ ನಂತರ ಬೆಟ್ಟದ ಸಹವಾಸ ಬೇಡ ಎಂದಿದ್ದರೆ ಯಾರೂ ಆಡಿಕೊಳ್ಳುತ್ತಿರಲಿಲ್ಲ. ಅವರು ಕೆಲಸ ಬಿಡಲಿಲ್ಲ. ಭೂವೈಜ್ಞಾನಿಕ ಸರ್ವೇಕ್ಷಣದಲ್ಲಿ ನೌಕರಿ, 1972ರಲ್ಲಿ ಡಾಕ್ಟರೇಟ್, ಮುಂದಿನ ವರ್ಷ ವಿದ್ಯಾರ್ಥಿವೇತನ ಪಡೆದು ಲಂಡನ್ನಿನ ಇಂಪೀರಿಯಲ್ ಕಾಲೇಜು, ಅಲ್ಲಿಂದ ಸ್ವೀಡನ್ನಿನ ಉಪ್ಸಾಲ. ಸ್ಕಾಟ್ಲೆಂಡಿನ ಬೆಟ್ಟ, ಸ್ಕ್ಯಾಂಡಿನೇವಿಯದ ಬೆಟ್ಟ, ಹಿಮಾಲಯ ಎಲ್ಲ ಕಡೆಯೂ ಸುತ್ತಿಗೆ, ದಿಕ್ಸೂಚಿ, ನೋಟ್‌ಬುಕ್ಕು ಹಿಡಿದು ನಡೆದರು. 1979ರಲ್ಲಿ ಮರಳಿ ಬಂದು ಮತ್ತೆ ಸರ್ವೇಕ್ಷಣ ಸೇರಿದರು. 1982ರಿಂದ ತಾವು ಓದಿದ ಜಾದವಪುರದಲ್ಲೇ ಮೇಷ್ಟರಾದರು.

ಅವರ ವಿದ್ಯೆ ಕಲ್ಲುಗಳು ಹೇಗೆ ಮಡಿಕೆ ಬೀಳುತ್ತವೆ, ಹೇಗೆ ಹಿಗ್ಗುತ್ತವೆ, ಹೇಗೆ ಹರಿಯುತ್ತವೆ ಎಂಬುದರದು. ಕಲ್ಲು ಮಡಿಕೆ ಬೀಳುತ್ತದೆಯೆ ಎಂದು ಕೇಳುವವರಿಗೆ ರಬಕವಿ-ಬನಹಟ್ಟಿಯ ನೇಕಾರರ ಮನೆಯ ಉದಾಹರಣೆ ಕೊಡಬಹುದು. ಮಡಿಚಿಟ್ಟ ಸೀರೆಯನ್ನು ಬಿಚ್ಚಿದಾಗ ಗೆರೆಗಳು ಉಳಿದಿರುತ್ತವೆ. ಮೊದಲು ಉದ್ದಕ್ಕೆ ಮಡಿಚಿದ್ದರೇ, ಆಮೇಲೆ ಅಡ್ಡಕ್ಕೆ ಮಡಿಚಿದ್ದರೇ, ಎಷ್ಟು ಸಲ ಮಡಿಚಿದ್ದರು ಎಂಬುದನ್ನು ಬಲ್ಲವರು ಆ ಗೆರೆಗಳ ಮೇಲೆ ಗೆರೆ ಬಿದ್ದ ರೀತಿಯಿಂದಲೇ ಹೇಳುತ್ತಾರೆ. ಭೂಮಿಯ ಆಳದ ಕಾವು ಮತ್ತು ಒತ್ತಡದಲ್ಲಿ ಕಲ್ಲು ಬಟ್ಟೆಯಷ್ಟೇ ಮೆತ್ತಗೆ. ಕೋಟಿಗಟ್ಟಲೆ ವರ್ಷಗಳಲ್ಲಿ ಬಿದ್ದ ಮಡಿಕೆಗಳನ್ನು ಹಿಂದುಮುಂದು ಮಾಡಿ ಓದಿದರೆ, ಆ ನೆಲ ಯಾವಾಗ ಯಾವ ನೆಲಕ್ಕೆ ಢಿಕ್ಕಿ ಹೊಡೆಯಿತು ಎಂಬ ಇತಿಹಾಸ ಸಿಗುತ್ತದೆ. ಈ ಓದಿಗೆ ಅಂಟಾರ್ಕ್ಟಿಕ ಏಕೆ ಮುಖ್ಯವೆಂದರೆ, ಒಂದು ಕಾಲಕ್ಕೆ ನಮ್ಮ ದಖ್ಖನ್ನೂ ಅದೂ ಒಂದೇ ಮಹಾಖಂಡದ ಭಾಗಗಳಾಗಿದ್ದವು. ಸುಮಾರು 13 ಕೋಟಿ ವರ್ಷಗಳ ಹಿಂದೆ ಬೇರೆಯಾದವು. ಹರಿದ ಸೀರೆಯ ಎರಡು ತುಂಡಿನ ನೇಯ್ಗೆ ಹೊಂದುತ್ತದೆಯೆ ಎಂದು ನೋಡುವ ಕೆಲಸ ಅದು.

1983ರ ಡಿಸೆಂಬರ್ 3ರಂದು ಫಿನ್ಲೆಂಡಿನ 'ಫಿನ್‌ಪೋಲಾರಿಸ್' ಹಡಗು ಗೋವೆಯಿಂದ ಹೊರಟಾಗ ಅದರಲ್ಲಿದ್ದ 80ಕ್ಕೂ ಹೆಚ್ಚು ಜನರಲ್ಲಿ ಇಬ್ಬರು ಹೆಣ್ಣುಮಕ್ಕಳು: ಸುದೀಪ್ತಾ, ಮತ್ತು ಗೋವೆಯ ಸಾಗರ ವಿಜ್ಞಾನ ಸಂಸ್ಥೆಯ ಅದಿತಿ ಪಂತ್. ನಾಗಪುರದಲ್ಲಿ ಹುಟ್ಟಿದ ಅದಿತಿಯವರ ವಿಷಯ ಕಡಲ ನೀರಿನ ಸೂಕ್ಷ್ಮ ಸಸ್ಯಗಳು, ಅವನ್ನು ತಿನ್ನುವ ಜೀವಿಗಳು, ಆ ಜೀವಿಗಳನ್ನು ತಿನ್ನುವ ಮೀನು-ತಿಮಿಂಗಿಲಗಳು. ಭಾರತದ ಯಾತ್ರೆಯಲ್ಲಿ ಆ ಖಂಡಕ್ಕೆ ಹೋದ ಮೊದಲ ಮಹಿಳೆಯರು ಇವರಿಬ್ಬರೇ. ಡಿಸೆಂಬರ್ 27ಕ್ಕೆ ಹಡಗು ಮಂಜಿನಂಚು ಮುಟ್ಟಿತು. ಡಾ. ಹರ್ಷ ಗುಪ್ತಾ ನಾಯಕರಾಗಿದ್ದ ಈ ಯಾತ್ರೆಯ ಮುಖ್ಯ ಕೆಲಸ ಚಳಿಗಾಲದಲ್ಲೂ ಜನ ಉಳಿಯಬಲ್ಲ ಮನೆಯೊಂದನ್ನು ಕಟ್ಟುವುದು. ಸೈನ್ಯದ ಎಂಜಿನಿಯರುಗಳು ಎರಡು ತಿಂಗಳಲ್ಲಿ ಕಟ್ಟಿ ಮುಗಿಸಿದರು. ಅದೇ 'ದಕ್ಷಿಣ ಗಂಗೋತ್ರಿ'. 12 ಮಂದಿ ಸೂರ್ಯನೇ ಹುಟ್ಟದ ಆ ಚಳಿಗಾಲವನ್ನು ಅಲ್ಲಿ ಕಳೆದರು.

ಕಟ್ಟಡ ಏಳುತ್ತಿದ್ದಾಗ ಸುದೀಪ್ತಾ ಶಿರ್‌ಮಾಕರ್ ಗುಡ್ಡಗಳಲ್ಲಿ ನಡೆಯುತ್ತಿದ್ದರು. ಅವರ ಕೆಲಸದ ಬಗ್ಗೆ ಓದಿದಾಗ ನನಗೆ ಇಷ್ಟವಾದದ್ದು ಅದರಲ್ಲಿ ವೀರಾವೇಶವೇ ಇಲ್ಲದ್ದು. ಗಾಳಿಗೆ ಬೆನ್ನು ಕೊಟ್ಟು ನಿಂತು ಕಲ್ಲಿನ ಮಡಿಕೆಯ ಓರೆಯನ್ನು ಅಳೆಯಬೇಕು, ಕೈಗವಸು ತೆಗೆದರೆ ಬೆರಳು ಸೆಟೆಯುತ್ತದೆ, ತೆಗೆಯದಿದ್ದರೆ ಪೆನ್ಸಿಲು ಹಿಡಿಯಲಾಗುವುದಿಲ್ಲ. ಶಿಖರಕ್ಕೆ ಬಾವುಟ ನೆಡುವವರಿಗೆ ಒಂದು ಗಳಿಗೆ ಸಾಕು. ನಕ್ಷೆ ಮಾಡುವವರು ಅದೇ ಗುಡ್ಡಕ್ಕೆ ದಿನದಿನವೂ ಹೋಗಬೇಕು. 1989ರಲ್ಲಿ ಒಂಬತ್ತನೆಯ ಯಾತ್ರೆಯಲ್ಲಿ ಅವರು ಮತ್ತೆ ಹೋದರು. 1991ರಲ್ಲಿ ಶಾಂತಿಸ್ವರೂಪ ಭಟ್ನಾಗರ್ ಪ್ರಶಸ್ತಿ ಬಂದಿತು. ಭೂವಿಜ್ಞಾನದಲ್ಲಿ ಅದನ್ನು ಪಡೆದ ಮೊದಲ ಮಹಿಳೆ ಅವರು. ತಮ್ಮ ಅನುಭವವನ್ನು ಬಂಗಾಳಿಯಲ್ಲಿ 'ಅಂಟಾರ್ಕ್ಟಿಕಾ' ಎಂಬ ಪುಸ್ತಕವಾಗಿ ಬರೆದರು. ಯಾರಾದರೂ ಅದನ್ನು ಕನ್ನಡಕ್ಕೆ ತರಬೇಕು.

ಅವರು ಎರಡನೆಯ ಸಲ ಹೋದ ಆ ಯಾತ್ರೆ ದುಃಖದ್ದೂ ಹೌದು. 1990ರ ಜನವರಿಯಲ್ಲಿ ಹಂಬೋಲ್ಟ್ ಪರ್ವತಗಳ ಬಳಿಯ ಡೇರೆಯೊಂದರಲ್ಲಿ ನಾಲ್ವರು ಭಾರತೀಯರು ವಿಷಾನಿಲದಿಂದ ಸತ್ತರು. ಮುಚ್ಚಿದ ಡೇರೆಯೊಳಗೆ ಇಂಧನ ಸರಿಯಾಗಿ ಉರಿಯದಿದ್ದರೆ ಹುಟ್ಟುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ, ಮಲಗಿದವರು ಏಳುವುದಿಲ್ಲ. ಬಿರುಗಾಳಿಯಲ್ಲ, ಕಂದರವಲ್ಲ, ಚಳಿಗೆ ಹೆದರಿ ಬಾಗಿಲು ಬಿಗಿದುಕೊಂಡದ್ದು ಕೊಲ್ಲುತ್ತದೆ. ನಮ್ಮಲ್ಲೂ ಚಳಿಗಾಲದಲ್ಲಿ ಶೆಗಡಿ ಇಟ್ಟುಕೊಂಡು ಬಾಗಿಲು ಮುಚ್ಚಿ ಮಲಗಿದ ಮನೆಗಳ ಸುದ್ದಿ ಪೇಪರಿನಲ್ಲಿ ಬರುತ್ತದಲ್ಲ, ಅದೇ ಸಾವು.

ಇನ್ನು ದಕ್ಷಿಣ ಗಂಗೋತ್ರಿಯ ಕಥೆ. ಅದನ್ನು ಕಟ್ಟಿದ್ದು ಕಲ್ಲಿನ ಮೇಲಲ್ಲ, ಆ ತೇಲುವ ಮಂಜಿನ ಚಪ್ಪರದ ಮೇಲೆ. ವರ್ಷವರ್ಷ ಬಿದ್ದ ಹಿಮ ಸುತ್ತ ಕಟ್ಟಿಕೊಂಡು ಮನೆ ಮೆಲ್ಲಮೆಲ್ಲಗೆ ಹೂತುಹೋಯಿತು. ಒಳಗೆ ಇಳಿಯಲು ಮೇಲಿನಿಂದ ದಾರಿ ಮಾಡಿಕೊಳ್ಳಬೇಕಾಯಿತು. ಕಟ್ಟಿದ ಆರು ವರ್ಷಕ್ಕೆ, 1990ರಲ್ಲಿ, ಅದನ್ನು ಕೈಬಿಟ್ಟರು. ಅದರೊಳಗಿದ್ದ ಅಂಚೆ ಕಚೇರಿಯೂ ಜಾಗ ಬದಲಿಸಿತು. ಆ ಕಚೇರಿ ಗೋವೆಯ ಅಂಚೆ ವಿಭಾಗಕ್ಕೆ ಸೇರಿದ್ದು ಎಂಬುದೊಂದು ತಮಾಷೆಯ ವಿವರ. ಆಲಮಟ್ಟಿಯ ಹಿನ್ನೀರಿನಲ್ಲಿ ಹಳೆಯ ಬಾಗಲಕೋಟೆಯ ಓಣಿಗಳೂ ಬೀಳಗಿ ತಾಲೂಕಿನ ಹಳ್ಳಿಗಳೂ ಮುಳುಗಿದ್ದನ್ನು ಕಣ್ಣಾರೆ ಕಂಡ ನಮಗೆ, ಕಟ್ಟಿಕೊಂಡ ಮನೆ ಕಣ್ಣೆದುರಿಗೆ ಇಳಿದುಹೋಗುವುದೆಂದರೆ ಏನೆಂದು ಗೊತ್ತು. ಒಂದೇ ವ್ಯತ್ಯಾಸ, ಅಲ್ಲಿದ್ದವರಿಗೆ ಹಿಂತಿರುಗಲು ಬೇರೆ ಮನೆಯಿತ್ತು. ಮುಂದಿನ ಮನೆ 'ಮೈತ್ರಿ'ಯನ್ನು 1989ರಲ್ಲಿ ಶಿರ್‌ಮಾಕರ್ ಗುಡ್ಡದ ಗಟ್ಟಿ ಕಲ್ಲಿನ ಮೇಲೆ ಕಟ್ಟಿದರು. ಕಲ್ಲಿನ ಗುಣ ತಿಳಿದವರು ನಡೆದು ನೋಡಿಬಂದ ಅದೇ ಗುಡ್ಡ. ಮೂರನೆಯದು 'ಭಾರತಿ', 2012ರಲ್ಲಿ ಬೇರೊಂದು ಭಾಗದಲ್ಲಿ ಶುರುವಾಯಿತು.

ಈ ಯಾತ್ರೆಗಳಲ್ಲಿ ಹೆಸರು ಬರುವುದು ನಾಯಕರದ್ದು, ಅಪರೂಪಕ್ಕೆ ವಿಜ್ಞಾನಿಗಳದ್ದು. ಅಡುಗೆ ಮಾಡಿದವರು, ಜನರೇಟರ್ ರಿಪೇರಿ ಮಾಡಿದವರು, ವಾಹನ ಓಡಿಸಿದವರು, ಡಾಕ್ಟರು, ವೆಲ್ಡರು ಇವರಿಲ್ಲದೆ ಅಲ್ಲಿ ಒಂದು ವಾರವೂ ಇರಲಾಗದು. ಮೈಸೂರಿನ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯದವರು ಪರ್ವತಾರೋಹಿಗಳಿಗೂ ಅಂಟಾರ್ಕ್ಟಿಕಕ್ಕೆ ಹೋಗುವವರಿಗೂ ಕೆಡದ ಆಹಾರ ಸಿದ್ಧಮಾಡಿ ಕಳಿಸುತ್ತ ಬಂದಿದ್ದಾರೆ. ಬಿಸಿನೀರು ಹಾಕಿದರೆ ಆಗುವ ಉಪ್ಪಿಟ್ಟು ಇಂಥದೇ ಕಸುಬಿನಿಂದ ಹುಟ್ಟಿದ್ದು. ಮರ್ಮಗೋವಾದಲ್ಲಿ ಸಾಮಾನು ಹಡಗಿಗೇರಿಸಿದ ಕೈಗಳಲ್ಲಿ ನಮ್ಮ ಕಡೆಯವು ಎಷ್ಟಿದ್ದವೋ, ಲೆಕ್ಕ ಇಟ್ಟವರಿಲ್ಲ.

2009ರ ಡಿಸೆಂಬರ್ 29ರಂದು ರೀನಾ ಕೌಶಲ್ ಧರ್ಮಶಕ್ತು ಎಂಬ ಪರ್ವತಾರೋಹಣ ಶಿಕ್ಷಕಿ, ಕಾಮನ್‌ವೆಲ್ತ್ ದೇಶಗಳ ಹೆಣ್ಣುಮಕ್ಕಳ ತಂಡದ ಜೊತೆ ಸುಮಾರು 900 ಕಿಲೋಮೀಟರ್ ಸ್ಕೀ ಮೇಲೆ ಜಾರುತ್ತ, ತಮ್ಮ ಸಾಮಾನಿನ ಗಾಡಿಯನ್ನು ತಾವೇ ಎಳೆಯುತ್ತ ದಕ್ಷಿಣ ಧ್ರುವ ತಲುಪಿದರು. ಹಾಗೆ ತಲುಪಿದ ಮೊದಲ ಭಾರತೀಯ ಮಹಿಳೆ. ಡಾರ್ಜಿಲಿಂಗಿನಲ್ಲಿ ಬೆಳೆದ ಅವರ ಹೊಟ್ಟೆಪಾಡೇ ಬೇರೆಯವರಿಗೆ ಬೆಟ್ಟ ಹತ್ತಲು ಕಲಿಸುವುದು. ಪತ್ರಿಕೆಗಳು ಅವರನ್ನು ಸಾಹಸಿ ಎಂದು ಕರೆದವು. ಕಸುಬುದಾರಳು ಎಂದು ಬರೆದಿದ್ದರೆ ನನಗೆ ಇನ್ನೂ ಹೆಚ್ಚು ಸಂತೋಷವಾಗುತ್ತಿತ್ತು. ನೇಕಾರ, ಗೌಂಡಿ, ಅಂಬಿಗ ಎನ್ನುವಾಗ ಆ ಮಾತಿನಲ್ಲಿರುವ ಗೌರವ ಸಾಹಸಿ ಎಂಬ ಮಾತಿಗೆ ಇಲ್ಲ.

ಖಾಸಿಂ ಅವರು ಆಮೇಲೆ ಸಾಗರ ಅಭಿವೃದ್ಧಿ ಇಲಾಖೆಯ ಕಾರ್ಯದರ್ಶಿಯಾಗಿ, 1989ರಿಂದ 91ರವರೆಗೆ ದೆಹಲಿಯ ಜಾಮಿಯಾ ಮಿಲ್ಲಿಯಾದ ಕುಲಪತಿಯಾಗಿ, ಬಳಿಕ ಯೋಜನಾ ಆಯೋಗದ ಸದಸ್ಯರಾಗಿ ದುಡಿದು 2015ರ ಅಕ್ಟೋಬರ್ 20ರಂದು ತೀರಿಕೊಂಡರು. ಅವರು ಬಿತ್ತಿದ ಕೆಲಸಕ್ಕೆ 1998ರಲ್ಲಿ ವಾಸ್ಕೋದ ಸಡಾ ಗುಡ್ಡದ ಮೇಲೆ ಒಂದು ಖಾಯಂ ಮನೆಯಾಯಿತು. 2018ರಿಂದ ಅದರ ಹೆಸರು ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ. 40ಕ್ಕೂ ಹೆಚ್ಚು ಯಾತ್ರೆಗಳು ಈವರೆಗೆ ಹೋಗಿಬಂದಿವೆ. ಕೆಲವು ವರ್ಷಗಳ ಹಿಂದೆ ಸಂಬಂಧಿಕರ ಮನೆಗೆಂದು ವಾಸ್ಕೋಗೆ ಹೋದಾಗ ಆ ಗುಡ್ಡದವರೆಗೆ ನಡೆದುಹೋಗಿದ್ದೆ. ಕೆಳಗೆ ಬಂದರು, ಅದಿರಿನ ಕೆಂಪು ಧೂಳು, ಬೈನಾದ ಕಡೆಯಿಂದ ಕೆಲಸಕ್ಕೆ ಹೊರಟ ನಮ್ಮ ಕಡೆಯ ಹೆಣ್ಣುಮಕ್ಕಳ ಮಾತು.

ಆ ಕಟ್ಟಡದೊಳಗೆ ಮೈನಸ್ 20 ಡಿಗ್ರಿಯ ಕೋಣೆಗಳಿವೆ. ಅಂಟಾರ್ಕ್ಟಿಕದಲ್ಲಿ ಆಳಕ್ಕೆ ಕೊರೆದು ತೆಗೆದ ಮಂಜಿನ ಉದ್ದುದ್ದ ಕೋಲುಗಳನ್ನು ಅಲ್ಲಿ ಸಾಲಾಗಿ ಇಟ್ಟಿದ್ದಾರೆ. ವರ್ಷವರ್ಷದ ಹಿಮ ಪದರಪದರವಾಗಿ ಒತ್ತಿ ಕೂತ ಕೋಲುಗಳು. ಪ್ರತಿ ಪದರದಲ್ಲೂ ಆ ಕಾಲದ ಗಾಳಿ ಸಣ್ಣ ಗುಳ್ಳೆಗಳಾಗಿ ಸಿಕ್ಕಿಕೊಂಡಿದೆ. ಅದನ್ನು ಕೊಯ್ದು ಪರೀಕ್ಷಿಸುವ ಹುಡುಗ-ಹುಡುಗಿಯರು ಗೋವೆಯ ಸೆಕೆಯಲ್ಲಿ ಬೆವರುತ್ತ ಬಂದು, ಹೊಸ್ತಿಲಲ್ಲಿ ದಪ್ಪ ಕೋಟು, ಟೊಪ್ಪಿಗೆ, ಕೈಗವಸು ತೊಟ್ಟು, ಕದ ಎಳೆದುಕೊಂಡು ಒಳಗೆ ಹೋಗುತ್ತಾರೆ.